ಹೊಡೆದುಹಾಕಿದ ಸಾಲು ಮುಟ್ಟಿತು

ಹೊಳೆ ದಿಕ್ಕು ಬದಲಿಸಿದ ಮೇಲಿನ ನೂರಾ ನಲವತ್ತನೆಯ ವರ್ಷ, ಕಲ್ಲಂಗಡಿ ತಿಂಗಳು, ಬೆಳಗಿನ ತಂಪು ಆರುವ ಮುಂಚೆ
ನೇರಳಗಡ್ಡೆಯ ದಾಟುಮನೆಯಿಂದ

ಗೌರವಾನ್ವಿತ ರೇವಮ್ಮ ಟೀಚರ್ ಅವರಿಗೆ, ತಾಯಮ್ಮ ಮಾಡುವ ನಮಸ್ಕಾರಗಳು.

ಮೇಲೆ ಬರೆದ ತಾರೀಖು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಲು ಹೋಗಬೇಡಿ. ನೀವು ತೀರಿಕೊಂಡು ಎಷ್ಟೋ ತಲೆಮಾರಾದ ಮೇಲೆ ಹುಟ್ಟಿದವಳು ನಾನು. ನನ್ನ ಮಾತು ನಿಮ್ಮ ಕಿವಿಗೆ ಒರಟಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಬಾಯಿಂದ ಕಲಿತವಳಲ್ಲ, ನಿಮ್ಮಂಥವರು ಬಿಟ್ಟುಹೋದ ಪುಟಗಳಿಂದ ಕಲಿತವಳು. ಹಾಗಾಗಿ ಒಂದು ಸಾಲು ಸರ್ಕಾರಿ ಸುತ್ತೋಲೆಯಂತೆಯೂ ಮರುಸಾಲು ಅಡುಗೆ ಪುಟದಂತೆಯೂ ಬಂದುಬಿಡುತ್ತದೆ.

ಇದು ಮುಟ್ಟೋಲೆ. ಹಾಗೆಂದರೇನು ಎಂದು ಹೇಳುತ್ತೇನೆ. ನಮ್ಮ ದಾಟುಮನೆಯ ಕೆಲಸವೆಂದರೆ ಯಂತ್ರದ ತೆರೆಯ ಮೇಲೆ ಓದುತ್ತಿದ್ದ ಹಳೆಯ ಕಾಲದ ಪುಟಗಳನ್ನು ಹಳೆಯ ಅಚ್ಚಿನಿಂದ ಬಿಡಿಸಿ ಹೊಸ ಅಚ್ಚಿಗೆ ದಾಟಿಸುವುದು. ಒಂದು ಪುಟ ಕ್ಷೇಮವಾಗಿ ದಾಟಿದ ಮೇಲೆ, ಅದನ್ನು ಬರೆದವರಿಗೆ 'ನಿಮ್ಮದು ಮುಟ್ಟಿತು' ಎಂದು ಒಂದು ಓಲೆ ಬರೆಯಬೇಕು. ಬರೆದವರು ಬದುಕಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೂ ಬರೆಯುತ್ತೇವೆ. ಬರೆದು ಮುತ್ತುಗದ ಎಲೆಯಲ್ಲಿ ಸುತ್ತಿ ಕೃಷ್ಣೆಗೆ ಬಿಡುತ್ತೇವೆ. ಹೊಳೆ ಒಂದು ಸಲ ಹಿಂದಕ್ಕೆ ತಿರುಗಿದ್ದನ್ನು ಕಂಡ ಊರು ನಮ್ಮದು. ಅದು ಓಲೆಗಳನ್ನೂ ಹಿಂದಕ್ಕೆ ಒಯ್ಯಬಹುದು ಎಂದು ಇಲ್ಲಿ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ, ಯಾರೂ ಇಲ್ಲವೆನ್ನುವುದೂ ಇಲ್ಲ. ನಿಮಗೆ ಯಾವಾಗಲಾದರೂ ಬೆಳಗಿನ ಜಾವದ ಕನಸಿನಲ್ಲಿ ಒದ್ದೆ ಎಲೆಯ ವಾಸನೆ ಬಂದರೆ, ಅದು ನಮ್ಮದೇ ಎಂದು ತಿಳಿಯಿರಿ.

ಸಾಮಾನ್ಯವಾಗಿ ಮುಟ್ಟೋಲೆ ಎರಡು ಸಾಲಿನದು. ನಿಮ್ಮದು ಉದ್ದವಾಗುತ್ತದೆ. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಪ್ರೀತಿಯೂ ಇದೆ, ಒಂದು ಬೇಡಿಕೆಯೂ ಇದೆ.

ಮೊದಲು ನಮ್ಮ ದಿನಚರಿ ಹೇಳುತ್ತೇನೆ. ದಾಟುಮನೆ, ಹೊಳೆ ಸುತ್ತುವರಿದ ಈ ಗಡ್ಡೆಯ ನಡುವಿನ ಕಲ್ಲುಗುಡ್ಡದ ಹೊಟ್ಟೆಯಲ್ಲಿದೆ. ನಿಮ್ಮ ಕಾಲದಲ್ಲಿ ಅಲ್ಲಿ ಬಂಡೆಗಳ ಸಂದಿಯಲ್ಲಿ ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಿದ್ದರು ಎಂದು ನೀವೇ ಬರೆದಿದ್ದೀರಿ. ಈಗ ಆ ಸಂದಿಗಳಲ್ಲಿ ಪುಟಗಳು ನಿದ್ದೆ ಮಾಡುತ್ತವೆ. ಹೊರಗೆ ಹೆಂಚು ಕಾದಂತೆ ಕಾದರೂ ಒಳಗೆ ಮಡಕೆಯ ನೀರಿನಷ್ಟು ತಂಪು. ಗುಡ್ಡದ ಮೇಲೆ ಬಿಸಿಲುಗಂಬಳಿ ಹಾಸಿರುತ್ತೇವೆ. ಬಿಸಿಲು ಕುಡಿದು ಯಂತ್ರಗಳಿಗೆ ಉಣಿಸುವ ಕಪ್ಪು ಬಟ್ಟೆ ಅದು. ಬೆಳಿಗ್ಗೆ ಅದರ ಮೇಲಿನ ಮರಳು ಕೊಡವುವುದೇ ನಮ್ಮ ಮೊದಲ ಕೆಲಸ. ಆಮೇಲೆ ರೊಟ್ಟಿ, ಪುಂಡಿಪಲ್ಯ, ಮರಳಲ್ಲಿ ಬೆಳೆದ ಕಲ್ಲಂಗಡಿ. ಹೊತ್ತು ನೆತ್ತಿಗೆ ಬಂದರೆ ಇಡೀ ಗಡ್ಡೆ ಮಲಗುತ್ತದೆ. ಬಿಸಿಲು ಇಳಿದ ಮೇಲೆ ಮತ್ತೆ ಎದ್ದು ಸಂಜೆಯವರೆಗೆ ದಾಟಿಸುತ್ತೇವೆ.

ದಾಟಿಸುವುದು ಒಬ್ಬರ ಕೆಲಸವಲ್ಲ, ಜೋಡಿಯ ಕೆಲಸ. ನಿಮ್ಮ ಕಾಲದ ಪುಟಗಳಲ್ಲಿ ಓದುಗರಿಗೆ ಕಾಣುವ ಮಾತಿನ ನಡುವೆ ಕಾಣದ ಗುರುತುಗಳಿರುತ್ತಿದ್ದವಲ್ಲ, ಎಡಕ್ಕೊಂದು ಬಲಕ್ಕೊಂದು ಚೂಪು ಮುಖ ಮಾಡಿ ಕೂತವು, ಅವನ್ನು ನಾವು ಕೊಕ್ಕು ಎನ್ನುತ್ತೇವೆ. ಎರಡು ಕೊಕ್ಕಿನ ನಡುವೆ ಇಂಗ್ಲಿಷಿನ ಒಂದೋ ಎರಡೋ ಅಕ್ಷರ. 'ಇಲ್ಲಿಂದ ದಪ್ಪ', 'ಇಲ್ಲಿಗೆ ದಪ್ಪ ಮುಗಿಯಿತು', 'ಇಲ್ಲಿ ಸಾಲು ಮುರಿ' ಎಂದು ಅವು ಯಂತ್ರಕ್ಕೆ ಪಿಸುಗುಡುತ್ತಿದ್ದವು. ನಮ್ಮ ಜೋಡಿಯಲ್ಲಿ ಒಬ್ಬರು ಮಾತು ಓದುತ್ತಾರೆ, ಇನ್ನೊಬ್ಬರು ಕೊಕ್ಕು ಓದುತ್ತಾರೆ, ಇಬ್ಬರೂ ಗಟ್ಟಿಯಾಗಿ. ನಾನು ಮಾತಿನವಳು. ಕೊಕ್ಕಿನವರು ಮೌನೇಶಪ್ಪ, ದಾಟುಮನೆಯ ಹಿರಿಯರು. ಹಲ್ಲಿಲ್ಲದ ಬಾಯಲ್ಲಿ ಅವರು 'ದಪ್ಪ ತೆರೆಯಿತು' ಎಂದರೆ ನಾನು ಗಂಟಲು ಏರಿಸಬೇಕು, 'ದಪ್ಪ ಮುಚ್ಚಿತು' ಎಂದರೆ ಇಳಿಸಬೇಕು. ಹೊರಗಿನಿಂದ ಕೇಳಿದವರಿಗೆ ಯಾರೋ ಗಂಡ ಹೆಂಡತಿ ರಾಗವಾಗಿ ಜಗಳವಾಡಿದಂತೆ ಕೇಳಿಸುತ್ತದಂತೆ. ಇಬ್ಬರ ಓದೂ ಹೊಂದಿದರೆ ಪುಟ ಹೊಸ ಅಚ್ಚಿಗೆ ಇಳಿಯುತ್ತದೆ. ಹೊಸ ಅಚ್ಚಿಗೆ ನೇಯ್ಗೆ ಎಂದು ಹೆಸರು. ಅದರಲ್ಲಿ ಮಾತು ಹಾಸು, ಗುರುತು ಹೊಕ್ಕು. ಒಂದನ್ನು ಎಳೆದರೆ ಇನ್ನೊಂದೂ ಬರುತ್ತದೆ.

ಹಿಂದೆ ಹೀಗಿರಲಿಲ್ಲ. ನಮ್ಮ ಮುತ್ತಜ್ಜಿಯರ ಕಾಲದಲ್ಲಿ, ದೊಡ್ಡ ಕಾವಿನ ವರ್ಷಗಳಲ್ಲಿ, ಯಂತ್ರಗಳು ಒಂದೊಂದಾಗಿ ಕಣ್ಣು ಮುಚ್ಚುತ್ತಿದ್ದವು. ಇದ್ದಷ್ಟು ಶಕ್ತಿಯಲ್ಲಿ ಆದಷ್ಟು ಉಳಿಸಬೇಕಿತ್ತು. ಮಾತು ತಗೊ, ಗುರುತು ಬಿಡು ಎಂದು ಅಂದಿನವರು ನಿಯಮ ಮಾಡಿಕೊಂಡರು. ಮನೆಗೆ ಬೆಂಕಿ ಬಿದ್ದಾಗ ಮಕ್ಕಳನ್ನು ಎತ್ತಿಕೊಳ್ಳುತ್ತೇವೆಯೇ ಹೊರತು ಅವರ ಚಪ್ಪಲಿ ಹುಡುಕುವುದಿಲ್ಲ. ಅವರನ್ನು ನಾನು ಬೈಯುವುದಿಲ್ಲ. ಆದರೆ ಅದರಿಂದ ಆದ ಫಜೀತಿ ಒಂದೆರಡಲ್ಲ. ತಲೆಬರಹಗಳೆಲ್ಲ ಸಾಲುಗಳೊಳಗೆ ಕರಗಿಹೋದವು. ಪದ್ಯಗಳು ಒಂದೇ ಉಸಿರಿನ ಗದ್ಯವಾದವು. ಎಲ್ಲೆಂದರಲ್ಲಿ 'ಇಲ್ಲಿ ಒತ್ತಿ' ಎಂಬ ಮಾತು ಉಳಿದುಕೊಂಡಿತು. ಎಲ್ಲಿ ಒತ್ತಬೇಕೆಂದು ತಿಳಿಯದೆ ನಮ್ಮ ಹಿರಿಯರು ಗೋಡೆ ಒತ್ತಿ ನೋಡಿದರಂತೆ, ಕಂಬ ಒತ್ತಿ ನೋಡಿದರಂತೆ. ಈಗದು ನಮ್ಮ ಮಕ್ಕಳ ಆಟ. ಒಬ್ಬ ಕಣ್ಣು ಮುಚ್ಚಿ ನಿಂತು 'ಇಲ್ಲಿ ಒತ್ತಿ' ಎನ್ನುತ್ತಾನೆ, ಉಳಿದವರು ಅವನ ಮೂಗು ಒತ್ತಿ ಓಡುತ್ತಾರೆ.

ನಗು ಇಷ್ಟಕ್ಕೇ ಸಾಕು. ನಿಮ್ಮ ಪುಟದ ವಿಷಯಕ್ಕೆ ಬರುತ್ತೇನೆ.

ನೇರಳಗಡ್ಡೆಯ ಬಗ್ಗೆ ನಿಮ್ಮ ಕಾಲದಿಂದ ಉಳಿದಿರುವುದು ನಿಮ್ಮದೊಂದೇ ಪುಟ. ಶಾಲೆ, ದೋಣಿಕಟ್ಟೆ, ಬಂಡೆಗಳು, ಮೊಸಳೆ ಕಂಡ ದಿನ, ಎಲ್ಲವನ್ನೂ ಬರೆದಿದ್ದೀರಿ. ಕೊನೆಗೆ ಮಹಾಪೂರ. ಗಡ್ಡೆಯ ಪಡುವಣ ದಂಡೆಯಲ್ಲಿ ಕಟ್ಟಿದ್ದ ದೋಣಿಯಲ್ಲಿ ಮೂಡಣ ದಂಡೆಯ ಜನ ಕೂತಿದ್ದರು, ಆಚೆ ದಡಕ್ಕೆ ಹೋಗಲು. ಅವರಲ್ಲಿ ನಿಮ್ಮ ತಮ್ಮ ಶರಣಪ್ಪನೂ ಇದ್ದ. ದೋಣಿ ಹಗ್ಗ ಕಳೆದುಕೊಂಡು ಹೋಯಿತು, ಯಾರೂ ಮರಳಲಿಲ್ಲ. ಗುರುತು ಬಿಟ್ಟು ಮಾತಷ್ಟೇ ತಗೊಂಡ ಮೊದಲ ದಾಟಿನಲ್ಲಿ ಬಂದ ನಿಮ್ಮ ಪುಟದಲ್ಲಿ, ಆ ಜಾಗದಲ್ಲಿ ಎರಡು ಸಾಲುಗಳಿವೆ. 'ಪಡುವಣ ದಂಡೆಯವರು ಹಗ್ಗ ಕತ್ತರಿಸಿದರು. ಹಗ್ಗ ತಾನೇ ಹರಿಯಿತು.'

ಈ ಎರಡು ಸಾಲುಗಳ ಮೇಲೆ ಇಡೀ ಊರು ನಿಂತಿದೆ, ರೇವಮ್ಮನವರೇ. ಎರಡೂ ಹೇಗೆ ನಿಜವಾಗುತ್ತವೆ ಎಂದು ತಲೆಮಾರುಗಟ್ಟಲೆ ತಲೆ ಕೆಡಿಸಿಕೊಂಡರು. ಮೊದಲಿನದು ಸತ್ಯ, ಎರಡನೆಯದು ಟೀಚರಮ್ಮನ ದೊಡ್ಡತನ ಎಂದು ಕೊನೆಗೆ ತೀರ್ಮಾನವಾಯಿತು. ಪ್ರತಿ ವರ್ಷ ದೋಣಿಕಟ್ಟೆಯಲ್ಲಿ ಓದಿನ ಹಬ್ಬ ಮಾಡಿ ನಿಮ್ಮ ಪುಟ ಓದುತ್ತಾರೆ. ಮೊದಲ ಸಾಲನ್ನು ಮೂಡಣದವರು ಎದ್ದು ನಿಂತು ಓದಬೇಕು. ಎರಡನೆಯದನ್ನು ಪಡುವಣದವರು ತಲೆ ತಗ್ಗಿಸಿ ಓದಬೇಕು. ನಾನು ಪಡುವಣದವಳು. ಹುಡುಗಿಯಾಗಿದ್ದಾಗ ಒಂದು ವರ್ಷ ಆ ಸಾಲು ಓದುವ ಪಾಳಿ ನನಗೂ ಬಂದಿತ್ತು. ಆ ದಿನ ನೆಲ ನೋಡಿದ ಕಣ್ಣು ಬಹಳ ಕಾಲ ಮೇಲೆ ಏಳಲಿಲ್ಲ.

ಇಷ್ಟೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಪಡುವಣದವರ ಕೈಗೆ ಹಗ್ಗವಿಲ್ಲ. ಇದು ನಮ್ಮ ಕಟ್ಟಳೆ. ಹಗ್ಗ ಹೊಸೆಯುವಂತಿಲ್ಲ, ಹಿಡಿಯುವಂತಿಲ್ಲ, ಕಟ್ಟುವಂತಿಲ್ಲ. ನಮ್ಮ ತೊಟ್ಟಿಲುಗಳು ಕಬ್ಬಿಣದ ಕೊಂಡಿಯಲ್ಲಿ ತೂಗುತ್ತವೆ. ಬಟ್ಟೆ ಬೇಲಿಯ ಮೇಲೆ ಒಣಗುತ್ತದೆ. ನಮ್ಮ ಎಮ್ಮೆಗಳಿಗೆ ಕೊರಳಿಗೆ ಕಟ್ಟುವ ದಾಬು ಕಣ್ಣಿ ಗೊತ್ತಿಲ್ಲ. ಕರೆದರೆ ಬರುತ್ತವೆ, ಮನಸ್ಸಿಲ್ಲದಿದ್ದರೆ ಬರುವುದಿಲ್ಲ, ನಮ್ಮಷ್ಟೇ ಹಟಮಾರಿಗಳು. ನೀರು ಸೇದಲು ಮೂಡಣದವರು ಬರುವವರೆಗೆ ನಮ್ಮ ಹೆಂಗಸರು ಬಾವಿಕಟ್ಟೆಯಲ್ಲಿ ಕೈ ಕಟ್ಟಿಕೊಂಡು ಕಾಯುತ್ತಾರೆ.

ನನಗೊಬ್ಬಳು ಮಗಳಿದ್ದಾಳೆ, ಹುಲಿಗೆವ್ವ. ನೀರು ಅವಳಿಗೆ ಅಂಗೈಯ ಗೆರೆ ಇದ್ದಂತೆ. ಎಲ್ಲಿ ಸುಳಿ, ಎಲ್ಲಿ ಬಂಡೆ, ಎಲ್ಲಿ ಮರಳು ಹೊಸದಾಗಿ ಕೂತಿದೆ ಎಂದು ದಡದಲ್ಲಿ ನಿಂತೇ ಹೇಳುತ್ತಾಳೆ. ಹುಟ್ಟು ಹಾಕುವುದನ್ನು ನೋಡಿದರೆ ಮೂಡಣದ ಅಂಬಿಗರೂ ಬಾಯಿ ಮುಚ್ಚುತ್ತಾರೆ. ಅವಳಿಗೆ ದೋಣಿ ನಡೆಸುವ ಆಸೆ, ಬೇರೆ ಯಾವ ಆಸೆಯೂ ಇಲ್ಲ. ಆದರೆ ದೋಣಿ ನಡೆಸುವವರು ದೋಣಿ ಕಟ್ಟಲೂ ಬೇಕಲ್ಲ. ದೋಣಿಕಟ್ಟೆಯವರು ಈ ವರ್ಷವೂ ಅವಳನ್ನು ವಾಪಸು ಕಳಿಸಿದರು. ಮನೆಗೆ ಬಂದು ಉಣ್ಣದೆ ಕೂತು, "ಯವ್ವಾ, ನಾನೇನು ಹಗ್ಗ ಕತ್ತರಿಸಾಕ ಹುಟ್ಟೀನೇನು?" ಎಂದು ಕೇಳಿದಳು.

ನೇಯ್ಗೆ ಬಂದ ಮೇಲೆ, ಕಲ್ಲಿನ ಸಂದಿಯಲ್ಲಿ ಮಲಗಿದ್ದ ಮೂಲ ಪುಟಗಳನ್ನೆಲ್ಲ ಎಬ್ಬಿಸಿ, ಕೊಕ್ಕುಗಳ ಸಮೇತ ಎರಡನೆಯ ಸಲ ದಾಟಿಸುತ್ತಿದ್ದೇವೆ. ಮೊನ್ನೆ ನಿಮ್ಮ ಪುಟದ ಸರದಿ. ನಾನು ಓದುತ್ತಾ ಹೋದೆ, ಮೌನೇಶಪ್ಪ ಪಿಸುಗುಡುತ್ತಾ ಬಂದರು. ಮಹಾಪೂರದ ಹತ್ತಿರ ಅವರು, "ಹಾವು ತೆರೆಯಿತು" ಎಂದರು. ನಾನು 'ಪಡುವಣ ದಂಡೆಯವರು ಹಗ್ಗ ಕತ್ತರಿಸಿದರು' ಎಂದು ಓದಿದೆ. ಅವರು "ಹಾವು ಮುಚ್ಚಿತು" ಎಂದರು.

ಹಾವು ಎಂದರೆ ಕೊಕ್ಕುಗಳ ನಡುವೆ ಹಾವಿನಂತೆ ಸುತ್ತಿಕೊಂಡ ಒಂದೇ ಒಂದು ಇಂಗ್ಲಿಷ್ ಅಕ್ಷರ. ಅದನ್ನು ನಾವು ಸೀರೆ ಮಾರುವ ಪುಟಗಳಲ್ಲಿ ಬಹಳ ಕಂಡಿದ್ದೆವು. ಒಂದು ಸೀರೆಗೆ ಎರಡು ಬೆಲೆ ಯಾಕೆ ಎಂದು ತಲೆ ತುರಿಸಿಕೊಂಡು, ಬಸ್ಸಿನ ವೇಳೆಗಳಲ್ಲಿ, ಸಾರಿನ ಉಪ್ಪಿನ ಅಳತೆಯಲ್ಲಿ ಮತ್ತೆ ಮತ್ತೆ ಕಂಡ ಮೇಲೆ ಅರ್ಥವಾಗಿತ್ತು. ಹಾವಿನ ನಡುವೆ ಸಿಕ್ಕ ಮಾತಿನ ಮೇಲೆ ಒಂದು ಅಡ್ಡಗೆರೆ ಬೀಳುತ್ತಿತ್ತು. ಬರೆದವರು ಅದನ್ನು ಹೊಡೆದುಹಾಕಿದ್ದಾರೆ, ಕಾಣುವಂತೆಯೇ ಬಿಟ್ಟಿದ್ದಾರೆ ಎಂದು ಅದರರ್ಥ.

"ಇನ್ನೊಮ್ಮೆ ಓದವ್ವಾ ತಾಯಮ್ಮ" ಎಂದರು ಮೌನೇಶಪ್ಪ. ಓದಿದೆ. ಅವರು ಮೂಡಣದವರು, ಮೊದಲ ಸಾಲನ್ನು ಎದೆಯುಬ್ಬಿಸಿ ಓದುತ್ತಾ ಬೆಳೆದವರು. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ಆಕಿ ಹಿಂದಕ್ಕ ತಗೊಂಡಾಳ. ಬರದಾಕಿ ತಾನ ಹಿಂದಕ್ಕ ತಗೊಂಡಾಳ" ಎಂದರು.

ನನಗೆ ಅಳು ಬಂತು. ಸಂತೋಷಕ್ಕೋ ಸಿಟ್ಟಿಗೋ ಈಗಲೂ ತಿಳಿಯದು. ನೀವು ದುಃಖದಲ್ಲಿ ಒಂದು ಮಾತು ಬರೆದಿರಿ, ಆಮೇಲೆ ಬೇರೇನೋ ಕಂಡು ಅದನ್ನು ಹೊಡೆದುಹಾಕಿದಿರಿ. ಆಡಿದ್ದನ್ನು ಬಚ್ಚಿಡಬಾರದು, ತಪ್ಪಿದ್ದೂ ಕಾಣಲಿ, ತಿದ್ದಿದ್ದೂ ಕಾಣಲಿ ಎಂಬ ಮನಸ್ಸು ನಿಮ್ಮದಾಗಿತ್ತು, ಗೊತ್ತಾಗುತ್ತದೆ. ಆದರೆ ಗೆರೆ ದಾಟಲಿಲ್ಲ, ಮಾತು ದಾಟಿತು. ನಿಮ್ಮ ಪ್ರಾಮಾಣಿಕತೆಯ ಖರ್ಚನ್ನು ನಮ್ಮ ಕೈಗಳು ಭರಿಸಿದವು.

ದಾಟಿಸುವವರು ಒಂದು ಮಾತನ್ನೂ ಸೇರಿಸಬಾರದು, ಒಂದನ್ನೂ ತೆಗೆಯಬಾರದು. ಅದಕ್ಕೇ ನಿಮ್ಮನ್ನೇ ಬೇಡುತ್ತೇನೆ. ರೇವಮ್ಮನವರೇ, ಈ ಓಲೆ ಮುಟ್ಟಿದ ದಿನ ಆ ಸಾಲನ್ನು ಪೂರ್ತಿ ಅಳಿಸಿಬಿಡಿ. ಗೆರೆ ಎಳೆಯಬೇಡಿ, ಗುರುತು ಉಳಿಸಬೇಡಿ, ಅದು ಹುಟ್ಟಿಯೇ ಇರಲಿಲ್ಲ ಎನ್ನುವಂತೆ ಮಾಡಿ. ನಾಳೆ ಓದಿನ ಹಬ್ಬ. ಮೌನೇಶಪ್ಪ ಎಲ್ಲರೆದುರು ಹಾವನ್ನು ಗಟ್ಟಿಯಾಗಿ ಓದುತ್ತೇನೆ ಎಂದಿದ್ದಾರೆ. ಏನಾಗುತ್ತದೋ ನೋಡಿ, ಆಮೇಲೆ ಇದನ್ನು ಹೊಳೆಗೆ ಬಿಡುತ್ತೇನೆ.

ಹಬ್ಬದ ಮರುದಿನ, ಬಿಸಿಲು ಇಳಿಯುವ ಹೊತ್ತು

ನಿನ್ನೆ ಹೊಳೆಯ ಮೇಲೆ ದಟ್ಟ ಮಂಜಿತ್ತು. ಈ ತಿಂಗಳಲ್ಲಿ ಹಾಗಾಗುವುದಿಲ್ಲ. ಎರಡೂ ದಂಡೆಯವರು ದೋಣಿಕಟ್ಟೆಯಲ್ಲಿ ಸೇರಿದ್ದೆವು, ಮುಖಗಳು ಕಾಣುತ್ತಿರಲಿಲ್ಲ, ಕೆಮ್ಮು ಮಾತ್ರ ಕೇಳುತ್ತಿತ್ತು. ಅರ್ಧ ನಿದ್ದೆಯಲ್ಲಿ ಇದ್ದೇವೆ ಅನಿಸುತ್ತಿತ್ತು. ಮೊದಲ ಸಾಲಿಗೆ ಮೂಡಣದವರು ಏಳುವ ಮುಂಚೆಯೇ ಮೌನೇಶಪ್ಪ ಎದ್ದು, "ಹಾವು ತೆರೆಯಿತು" ಎಂದರು. ಮೂಡಣದವರು ಸಾಲು ಓದಿ ಮುಗಿಸಿದ ಮೇಲೆ "ಹಾವು ಮುಚ್ಚಿತು" ಎಂದರು. ಆಮೇಲೆ ಅದರರ್ಥ ಹೇಳಿದರು.

ಗುಲ್ಲೆದ್ದಿತು. ದೋಣಿಕಟ್ಟೆಯ ಹಗ್ಗಗಳೆಲ್ಲ ಯಂಕಮ್ಮನ ವಶ. ಮೂಡಣದವಳು, ಆ ದೋಣಿಯಲ್ಲಿ ಹೋದವರ ವಂಶದವಳು, ಮಾತು ಕಡ್ಡಿ ಮುರಿದಂತೆ. "ಗೆರಿ ಎಳದ್ರ ಮಾತು ಸತ್ತುಹೋಕ್ಕೈತೇನು? ಒಂದು ಗೆರಿ ನಂಬಿ ಹಗ್ಗ ಕೊಡು ಅಂದ್ರ ಹೆಂಗ್ರಿ?" ಎಂದು ಕೇಳಿದಳು. ಮೌನೇಶಪ್ಪ, "ಬರದಾಕೀನ ಬಿಟ್ಟಮ್ಯಾಲ ನಾವ್ಯಾಕ ಹಿಡಕೊಂಡು ಕುಂತೀವಿ, ಯಂಕಮ್ಮ?" ಎಂದರು. ವಾದ ಬೆಳೆಯಿತು. ಕೊನೆಗೆ ಯಂಕಮ್ಮನೇ ಸೆರಗು ಸಿಕ್ಕಿಸಿ ದೋಣಿಗೆ ಹತ್ತಿ ಕೂತಳು. "ಆತು, ಕಟ್ಟಲಿ ಆ ಹುಡುಗಿ. ನಾನ ಒಳಗ ಕುಂದರತೀನಿ. ನೋಡೂಣು" ಎಂದಳು.

ಹುಲಿಗೆವ್ವನ ಕೈಗೆ ಹಗ್ಗ ಬಂತು. ನನ್ನ ಮಗಳು ಹಗ್ಗ ಹಿಡಿದದ್ದನ್ನು ನಾನು ಮೊದಲ ಸಲ ನೋಡಿದೆ. ಎಳೆಗೂಸನ್ನು ಎತ್ತಿಕೊಂಡವಳಂತೆ ಹಿಡಿದಿದ್ದಳು. ಗೂಟದ ಸುತ್ತ ಸುತ್ತಿದಳು, ತುದಿಯನ್ನು ಒಳಗೆ ತೂರಿಸಿದಳು, ಎಳೆದಳು. ಆಗ ನನಗೆ ಹೊಳೆಯಿತು. ಅವಳಿಗೆ ಗಂಟು ಹಾಕಲು ಬರುವುದಿಲ್ಲ. ಯಾರು ಕಲಿಸಿದ್ದಾರೆ? ನನಗೆ ಬರುವುದಿಲ್ಲ, ನನ್ನವ್ವನಿಗೆ ಬರುತ್ತಿರಲಿಲ್ಲ. ದೂರದಿಂದ ನೋಡಿದ್ದನ್ನು ಅವಳು ಕೈಗೆ ತಂದುಕೊಂಡಿದ್ದಳು, ಅಷ್ಟೇ.

ಗಂಟು ಜಾರಿತು. ದೋಣಿ ಸದ್ದಿಲ್ಲದೆ ಹಿಂದಕ್ಕೆ ಸರಿದು ಸೆಳವಿಗೆ ಸಿಕ್ಕಿ ಮಂಜಿನೊಳಗೆ ಹೋಯಿತು. ನಿಮ್ಮ ಮೊದಲ ಸಾಲು ಪ್ರತಿಯೊಬ್ಬರ ನಾಲಿಗೆಯ ತುದಿಗೆ ಬಂದು ನಿಂತದ್ದು ನನಗೆ ತಿಳಿಯಿತು, ಒಬ್ಬರು ಬಾಯಿ ತೆರೆದರೆ ಸಾಕಿತ್ತು. ಹುಲಿಗೆವ್ವ ನೀರಿಗೆ ಹಾರಿದಳು.

ಆಗ ಮಂಜಿನ ಆಚೆಯಿಂದ ಯಂಕಮ್ಮನ ಕೂಗು ಬಂತು. "ಯಾರೂ ಏನೂ ಅನಬ್ಯಾಡ್ರಿ! ನಾ ಕಣ್ಣಾರೆ ನೋಡೀನಿ! ಹಗ್ಗ ತಾನ ಬಿಚ್ಚೈತಿ! ಹಗ್ಗ ತಾನ ಬಿಚ್ಚೈತಿ!"

ಸ್ವಲ್ಪ ಹೊತ್ತಿಗೆ ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನನ್ನ ಮಗಳು ಈಜುತ್ತಾ ಬಂದಳು, ಹಿಂದೆ ದೋಣಿ, ದೋಣಿಯಲ್ಲಿ ಬೈಯುತ್ತಾ ಯಂಕಮ್ಮ. ಇಳಿದವಳೇ ಒದ್ದೆ ಮರಳಲ್ಲಿ ಕೂತು, ಹುಲಿಗೆವ್ವನನ್ನು ಪಕ್ಕಕ್ಕೆ ಎಳೆದುಕೊಂಡು, "ಹಂಗಲ್ಲ ಬೇ, ಹಿಂಗ" ಎಂದು ಗಂಟು ತೋರಿಸಿದಳು. ನಮ್ಮ ಹೆಂಗಸರು ಒಬ್ಬೊಬ್ಬರೇ ಹತ್ತಿರ ಹೋಗಿ ಬಗ್ಗಿ ನೋಡಿದರು. ನಾನೂ ಹೋದೆ. ನನ್ನ ಬೆರಳುಗಳು ಇನ್ನೂ ಉರಿಯುತ್ತಿವೆ, ಹಗ್ಗ ಇಷ್ಟು ತರಿತರಿಯಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ರೇವಮ್ಮನವರೇ, ಯಂಕಮ್ಮನಿಗೆ ಆ ಮಾತು ಬಾಯಿಗೆ ಬಂದದ್ದು ನೀವು ಬರೆದಿದ್ದರಿಂದ. ತಮ್ಮನನ್ನು ಕಳೆದುಕೊಂಡ ನೀವು ಆ ಎರಡನೆಯ ಸಾಲು ಬರೆಯಲು ಎಷ್ಟು ಗಟ್ಟಿಯಾಗಬೇಕಾಯಿತು ಎಂದು ನನಗೆ ನಿನ್ನೆಯವರೆಗೆ ತಿಳಿದಿರಲಿಲ್ಲ. ಮೊದಲ ಸಾಲು ಇಲ್ಲದೆ ಹೋಗಿದ್ದರೆ ಎರಡನೆಯದರ ಬೆಲೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಆದ್ದರಿಂದ ಮೇಲೆ ನಾನು ಬರೆದ ಬೇಡಿಕೆಯ ಮೇಲೆ ಒಂದು ಗೆರೆ ಎಳೆದಿದ್ದೇನೆ. ಹೊಳೆಯ ದಾರಿಯಲ್ಲಿ ಗೆರೆ ಉದುರಿಹೋಗಿ, ಬರಿಯ ಮಾತೇ ನಿಮಗೆ ಮುಟ್ಟಬಹುದು. ಅದಕ್ಕೆ ಮಾತಿನಲ್ಲೂ ಹೇಳುತ್ತೇನೆ: ಅಳಿಸಿಬಿಡಿ ಎಂದದ್ದು ಸಿಟ್ಟಿನ ಮಾತು, ನಾನು ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನೀವು ಅಳಿಸಬೇಡಿ. ಆಗುವುದಾದರೆ ನೀವೂ ಇಷ್ಟು ಮಾಡಿ. ಗೆರೆ ಎಳೆದ ಮೇಲೆ ಪಕ್ಕದಲ್ಲಿ ನಿಮ್ಮದೇ ಮಾತಿನಲ್ಲಿ ಬರೆಯಿರಿ, ಇದನ್ನು ಹಿಂದಕ್ಕೆ ತೆಗೆದುಕೊಂಡೆ ಎಂದು. ಆಗದಿದ್ದರೂ ಚಿಂತೆಯಿಲ್ಲ.

ಎಲೆ ಸುತ್ತಿ, ಮೇಲೆ ದಾರ ಬಿಗಿದಿದ್ದೇನೆ. ಗಂಟು ನಾನೇ ಹಾಕಿದ್ದು.

ನಿಮ್ಮದು ಮುಟ್ಟಿತು.

ತಾಯಮ್ಮ